ಅಕಾರಿ

ಅಕಾರಿ: ಸಂಧಿಪದಿಗಳ ಅರಾಕ್ನಿಡ ವರ್ಗಕ್ಕೆ ಸೇರಿದ, ನುಸಿ ಮತ್ತು ಉಣ್ಣೆಗಳನ್ನೊಳಗೊಂಡ ಚಿಕ್ಕ ಜೀವಿಗಳ ಗುಂಪಿಗೆ ಪ್ರಾಣಿಶಾಸ್ತ್ರದಲ್ಲಿರುವ ಹೆಸರು. ಪದದ ಮೂಲ ಗ್ರೀಕ್; 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ 'ಅಕಾರಸ್' ಎಂಬ ಒಂದೇ ಜಾತಿಯಡಿ ಇವುಗಳನ್ನು ಸೇರಿಸಿದ್ದ. ಇವುಗಳ ಅಧ್ಯಯನ ಅಕಾರಿಶಾಸ್ತ್ರ. ಈಗ ಗುಂಪನ್ನು ಅಕಾರಿಫಾರ್ಮಿಸ್, ಪ್ಯಾರಾಸಿಟಿಫಾರ್ಮಿಸ್ ಎಂದು ಎರಡಾಗಿ ವಿಂಗಡಿಸುತ್ತಾರೆ. ಎರಡಕ್ಕೂ ಒಂದೇ ಪೂರ್ವಜವಿತ್ತೇ ಎಂಬುದು ಇತ್ಯರ್ಥವಾಗಿಲ್ಲ.

ತಲೆ, ಎದೆ, ಹೊಟ್ಟೆ ಬೇರ್ಪಡದೆ ದೇಹ ಒಂದೇ ಗಂಟಿನಂತಿರುತ್ತದೆ. ರೆಕ್ಕೆ, ಕುಡಿಮೀಸೆಗಳಿಲ್ಲ. ಮರಿಗೆ ಸಾಮಾನ್ಯವಾಗಿ ಆರು ಕಾಲು, ಪ್ರೌಢಜೀವಿಗೆ ಎಂಟು. ಆದರೆ ತೆಂಗಿನಕಾಯಿಯನ್ನು ಕಾಡುವ ಎರಿಯೋಫಿಡ್ ನುಸಿಗೆ ನಾಲ್ಕೇ. ನುಸಿಗಳಲ್ಲಿ ಹೆಚ್ಚಿನವು ಒಂದು ಮಿ.ಮೀ.ಗಿಂತ ಚಿಕ್ಕವು. ರಕ್ತ ಹೀರಿದ ಹೆಣ್ಣು ಉಣ್ಣೆ ಒಂದು ಸೆಂ.ಮೀ. ಮೀರಿಯೂ ಉಬ್ಬುತ್ತದೆ.

ಬಳಕೆಯಲ್ಲಿ ಪದ ಪರೋಪಜೀವಿ ಎಂಬ ಅರ್ಥಕ್ಕೆ ಅಂಟಿಕೊಂಡಿದೆ. ಇದು ಪೂರ್ಣ ಸರಿಯಲ್ಲ. ಉಣ್ಣೆಗಳೆಲ್ಲ ಪರೋಪಜೀವಿಗಳಾದರೂ ನುಸಿಗಳಲ್ಲಿ ಅನೇಕವು ಮಣ್ಣಿನಲ್ಲಿ ತರಗೆಲೆ, ಶಿಲೀಂಧ್ರಗಳನ್ನು ತಿಂದು ಬದುಕುತ್ತವೆ. ಹೇನು, ಚಿಗಟ, ತಿಗಣೆಗಳು ಕೀಟಗಳಾದ್ದರಿಂದ ಅವಕ್ಕೆ ಈ ಹೆಸರು ಸಲ್ಲದು.

ಕಜ್ಜಿಯ ನುಸಿ ಸಾರ್ಕಾಪ್ಟಿಸ್ ಸ್ಕೇಬಿಯೈ ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. 1687ರಲ್ಲಿ ಇಟಲಿಯ ಬೊನೋಮೊ ಮತ್ತು ಚೆಸ್ಟೋನಿ ಕಜ್ಜಿಗೂ ಈ ಜೀವಿಗೂ ಇರುವ ಸಂಬಂಧವನ್ನು ವಿವರಿಸಿದರು. ಅತಿ ಚಿಕ್ಕ ಜೀವಿಯೊಂದು ರೋಗಕಾರಕವೆಂದು ಗುರುತಿಸಿದ ಆರಂಭದ ನಿದರ್ಶನಗಳಲ್ಲಿ ಇದು ಮಹತ್ವದ್ದು. ಕರ್ನಾಟಕದ ಮಲೆನಾಡಿನಲ್ಲಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ ಮಂಗನ ಕಾಯಿಲೆಯ ವೈರಸ್ಸನ್ನು ಹರಡುತ್ತದೆ. ಈ ರೋಗ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಸೋಂಕು ತಗಲಿಸುವುದು ಹೆಚ್ಚಾಗಿ ಈ ಉಣ್ಣೆಯ ಎಳೆಯ ಹಂತವಾದ ನಿಂಫ್.