ಅಳತೆಗೆ ಸಿಗದ ತುಕ್ಕು: ಲೈನ್ 901ರ ವೈಫಲ್ಯ ಮತ್ತು ಅಪಾಯದ ಅಂದಾಜು

2015ರ ಮೇ 19ರಂದು ಕ್ಯಾಲಿಫೋರ್ನಿಯಾದ ರೆಫ್ಯೂಜಿಯೊ ಕಡಲತೀರದ ಬಳಿ ಪ್ಲೇನ್ಸ್ ಕಂಪನಿಯ ‘ಲೈನ್ 901’ ಕೊಳವೆಮಾರ್ಗ ಒಡೆಯಿತು. 24 ಇಂಚು ವ್ಯಾಸದ ಆ ಉಕ್ಕಿನ ಕೊಳವೆಯಿಂದ ಸುಮಾರು 2,900 ಬ್ಯಾರೆಲ್ ಕಚ್ಚಾತೈಲ ಸೋರಿ, ಅದರ ಒಂದು ಪಾಲು ಹೆದ್ದಾರಿಯ ಕೆಳಗಿನ ಮೋರಿಯ ಮೂಲಕ ಪೆಸಿಫಿಕ್ ಸಾಗರ ಸೇರಿತು. ಎರಡು ವಾರಗಳ ಹಿಂದೆಯಷ್ಟೇ, ಮೇ 5ರಂದು, ಇದೇ ಕೊಳವೆಯೊಳಗೆ ತಪಾಸಣಾ ಉಪಕರಣ ಹಾದುಹೋಗಿತ್ತು. ಮುಂದೆ ಒಡೆದ ಜಾಗದಲ್ಲಿ ಗೋಡೆಯ ದಪ್ಪ 47% ಸವೆದಿದೆ ಎಂಬುದು ಅದರ ದತ್ತಾಂಶದ ಅಂದಾಜು. ಲೋಹಪರೀಕ್ಷೆಯಲ್ಲಿ ಕಂಡದ್ದು 89%. ಸುಮಾರು 8.7 ಮಿಲಿಮೀಟರ್ ದಪ್ಪದ ಗೋಡೆಯಲ್ಲಿ 4.6 ಮಿಲಿಮೀಟರ್ ಉಳಿದಿರಬೇಕಾದ ಕಡೆ ಒಂದು ಮಿಲಿಮೀಟರ್ ಕೂಡ ಉಳಿದಿರಲಿಲ್ಲ.

ತುಕ್ಕು ಹಿಡಿದದ್ದು ಹೊರಮೈಗೆ. ಮಂದವಾದ ತೈಲವನ್ನು ಬಿಸಿಮಾಡಿ ಸಾಗಿಸಬೇಕಿದ್ದರಿಂದ ಕೊಳವೆಗೆ ಲೇಪನ, ಅದರ ಮೇಲೆ ಫೋಮ್, ಅದರ ಮೇಲೆ ಟೇಪ್ ಸುತ್ತಲಾಗಿತ್ತು. ಇಂಥ ಹೊದಿಕೆಯೊಳಗೆ ನೀರು ನುಸುಳಿದರೆ ಆರುವುದಿಲ್ಲ. ಬಿಸಿ ತುಕ್ಕನ್ನು ಚುರುಕುಗೊಳಿಸುತ್ತದೆ. ತುಕ್ಕು ತಡೆಯಲು ಕೊಳವೆಗೆ ಹರಿಸುವ ಕ್ಯಾಥೋಡಿಕ್ ಸಂರಕ್ಷಣೆಯ ವಿದ್ಯುತ್ತು ಆ ಹೊದಿಕೆ ದಾಟಿ ಲೋಹವನ್ನು ಮುಟ್ಟುವುದೂ ಕಷ್ಟ. ಹೊರಗಿನಿಂದ ತೆಗೆದ ವೋಲ್ಟೇಜ್ ಅಳತೆ ಸರಿಯಾಗಿದ್ದರೂ ಒಳಗಿನ ಲೋಹ ಸುರಕ್ಷಿತವಾಗಿದೆ ಎನ್ನುವಂತಿಲ್ಲ.

ಆದರೆ ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು 47 ಮತ್ತು 89ರ ನಡುವಿನ ಅಂತರ. ಮೇ 5ರಂದು ಬಳಸಿದಂಥ ಕಾಂತೀಯ ಸೋರಿಕೆ ವಿಧಾನದ ಉಪಕರಣ ಲೋಹದ ದಪ್ಪವನ್ನು ನೇರವಾಗಿ ಅಳೆಯುವುದಿಲ್ಲ. ಗೋಡೆಯಿಂದ ಹೊರಚೆಲ್ಲುವ ಕಾಂತಕ್ಷೇತ್ರವನ್ನು ಗ್ರಹಿಸಿ, ಕುಳಿಯ ಆಳವನ್ನು ಗಣಿತದಿಂದ ಊಹಿಸುತ್ತದೆ. ಅದರ ನಿಖರತೆಯನ್ನು ಸಾಮಾನ್ಯವಾಗಿ ಗೋಡೆಯ ದಪ್ಪದ ±10%, ಅದೂ 80% ಸಂದರ್ಭಗಳಲ್ಲಿ, ಎಂದು ಹೇಳಲಾಗುತ್ತದೆ. ದೋಷವು ಸಹಜ ವಿತರಣೆಯಲ್ಲಿದೆ ಎಂದುಕೊಂಡರೆ ಮಾನಕ ವಿಚಲನೆ ಸುಮಾರು 7.8% ಆಗುತ್ತದೆ. 42ರ ಅಂತರ ಅದರ ಐದು ಪಟ್ಟಿಗಿಂತ ಹೆಚ್ಚು. ಅದನ್ನು ಅಳತೆಯ ಸಾಮಾನ್ಯ ಏರುಪೇರು ಎಂದು ಒಪ್ಪಲು ಸಾಧ್ಯವೇ ಇಲ್ಲ. ಅಗಲಕ್ಕೆ ಹರಡಿದ ಸವೆತದೊಳಗೆ ಆಳದ ಕುಳಿಗಳಿದ್ದಾಗ ಸಂಕೇತವನ್ನು ಆಳಕ್ಕೆ ಪರಿವರ್ತಿಸುವ ಮಾದರಿಯೇ ದಾರಿ ತಪ್ಪಬಲ್ಲದು. ಹಾಗಾದಾಗ ಎಲ್ಲ ದೋಷವೂ ಒಂದೇ ದಿಕ್ಕಿಗೆ ವಾಲುತ್ತದೆ. ಸುರಕ್ಷತಾ ಅಂಚಿಗೆ ಇನ್ನೊಂದು 10% ಸೇರಿಸಿದರೆ ಈ ವಾಲಿಕೆ ಸರಿಹೋಗುವುದಿಲ್ಲ.

ಉದ್ದವಾದ ಸವೆತದಲ್ಲಿ ಕೊಳವೆ ತಾಳುವ ಒತ್ತಡ ಸ್ಥೂಲವಾಗಿ ಉಳಿದ ಗೋಡೆಯ ದಪ್ಪವನ್ನು ಅನುಸರಿಸುತ್ತದೆ. ಉಳಿಕೆ 53% ಅಲ್ಲ, 11% ಎಂದಾದರೆ ಶಕ್ತಿ ಹೆಚ್ಚುಕಡಿಮೆ ಐದನೇ ಒಂದಕ್ಕೆ ಕುಸಿಯುತ್ತದೆ. ಅಮೆರಿಕದ ನಿಯಮದಂತೆ ಸೂಕ್ಷ್ಮ ಪ್ರದೇಶಗಳಲ್ಲಿ, ಆಳದ ಲೆಕ್ಕದಲ್ಲಿ, ತಕ್ಷಣ ದುರಸ್ತಿ ಬೇಕಾದ ಸವೆತ 80%ಕ್ಕಿಂತ ಹೆಚ್ಚಿನದು. 47 ಎಂಬ ಸಂಖ್ಯೆ ಆ ಗಡಿಯಿಂದ ಎಷ್ಟೋ ದೂರ. ಸವೆತದ ವೇಗದ ಲೆಕ್ಕವಂತೂ ಇನ್ನೂ ದುರ್ಬಲ. ಉಪಕರಣದ ಎರಡು ಓಟಗಳ ಅಳತೆಗಳನ್ನು ಒಂದರಿಂದೊಂದು ಕಳೆದಾಗ ಎರಡರ ದೋಷವೂ ಕೂಡಿ ±14% ಆಗುತ್ತದೆ. ಓಟಗಳ ನಡುವೆ ಮೂರು ವರ್ಷವಿದ್ದರೆ ವರ್ಷಕ್ಕೆ ಸುಮಾರು 5%ರಷ್ಟು ಅನಿಶ್ಚಿತತೆ. ಮುಂದಿನ ತಪಾಸಣೆಯ ದಿನಾಂಕವನ್ನು ಇಷ್ಟು ಅಲುಗಾಡುವ ಸಂಖ್ಯೆಯ ಮೇಲೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ನೆಲ ಅಗೆದು, ಕೊಳವೆಯ ಹೊದಿಕೆ ಕಳಚಿ, ಕುಳಿಯನ್ನು ಕೈಯಾರೆ ಅಳೆಯುವುದು ಈ ವಾಲಿಕೆಯನ್ನು ಹೊರಗೆಡಹುವ ನೇರ ದಾರಿ. ಖರ್ಚು ಉಳಿಸಲು ಆಳವೆಂದು ವರದಿಯಾದ ಜಾಗಗಳನ್ನಷ್ಟೇ ಅಗೆಯುವುದುಂಟು. ಆಗ ಕಡಿಮೆ ಅಂದಾಜಾದ ಕುಳಿಗಳು ಅಗೆತದ ಲೆಕ್ಕದೊಳಕ್ಕೆ ಬರುವುದೇ ಇಲ್ಲ, ಉಪಕರಣ ಇರುವುದಕ್ಕಿಂತ ನಿಖರವಾಗಿ ತೋರುತ್ತದೆ. 40–60% ಎಂದು ವರದಿಯಾದವುಗಳಿಂದಲೂ ಯಾದೃಚ್ಛಿಕವಾಗಿ ಆರಿಸಿ ಅಗೆಯಬೇಕು. ಹೊದಿಕೆಯುಳ್ಳ ಕೊಳವೆಗಳಿಗೆ ಪ್ರತ್ಯೇಕ ದೋಷ-ವಿತರಣೆ ಕಟ್ಟಬೇಕು. ಅಗೆತದ ಅಳತೆ ಉಪಕರಣದ ಅಂದಾಜಿಗೆ ತಾಳೆಯಾಗದಿದ್ದರೆ ಅದನ್ನು ತಪಾಸಣಾ ಸಂಸ್ಥೆಗೆ ಮರಳಿಸಿ, ಆ ಒಂದು ಜಾಗವನ್ನಷ್ಟೇ ಅಲ್ಲ, ಇಡೀ ಮಾರ್ಗದ ದತ್ತಾಂಶವನ್ನೇ ಮರುವಿಶ್ಲೇಷಿಸಬೇಕು. ಅದು ಮುಗಿಯುವವರೆಗೆ ಕೊಳವೆಯನ್ನು ತಗ್ಗಿದ ಒತ್ತಡದಲ್ಲೇ ನಡೆಸಬೇಕು.