ಗಿಲಾನ್–ಬಾರೆ ಸಿಂಡ್ರೋಮ್ (ಜಿಬಿಎಸ್)

ನೆಗಡಿ, ಕೆಮ್ಮು, ಜ್ವರ ಇಳಿದ ಒಂದೆರಡು ವಾರಕ್ಕೆ ನರಗಳನ್ನು ಹಿಡಿಯುವ ಕಾಯಿಲೆ. ವೈರಾಣುವಿನ ಮೇಲೆ ಎದ್ದ ರೋಗನಿರೋಧಕ ಶಕ್ತಿ ಗುರಿ ತಪ್ಪಿ, ನರಗಳ ಹೊದಿಕೆಯಾದ ಮಯಲಿನ್ ಅನ್ನೇ ಸುಲಿಯುತ್ತದೆ. ಫ್ಲೂ, ಕೋವಿಡ್ ಎರಡರ ಬಳಿಕವೂ ಇದು ಕಂಡಿದೆ. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಇನ್ನೂ ಕುಖ್ಯಾತ. 2025ರ ಜನವರಿಯಲ್ಲಿ ಪುಣೆಯನ್ನು ನಡುಗಿಸಿದ ಜಿಬಿಎಸ್ ಅಲೆಯಲ್ಲೂ ಅದು ಪತ್ತೆಯಾಗಿತ್ತು.

ಮೊದಲು ಪಾದಕ್ಕೆ ಜೋಮು. ಕಾಲಿಂದ ಚಪ್ಪಲಿ ಜಾರಿದ್ದೇ ತಿಳಿಯದು; ಸವದತ್ತಿ ಯಲ್ಲಮ್ಮನ ಗುಡ್ಡದ ಮೆಟ್ಟಿಲು ಹತ್ತಿದವರಿಗೆ ಮನೆಯ ಹೊಸ್ತಿಲೂ ಎತ್ತರವಾಗುತ್ತದೆ. ಜನ ಇದನ್ನು ಲಕ್ವ ಎಂದುಕೊಳ್ಳುವುದುಂಟು. ಆದರೆ ಲಕ್ವ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಬಡಿಯುತ್ತದೆ, ಇದು ಎರಡೂ ಕಾಲಿನಿಂದ ಮೇಲಕ್ಕೇರುತ್ತದೆ. ಉಸಿರಾಟದ ಸ್ನಾಯುಗಳನ್ನು ಮುಟ್ಟಿದರೆ ವೆಂಟಿಲೇಟರ್ ಬೇಕು.

ಗಿಲಾನ್, ಬಾರೆ, ಸ್ಟ್ರೋಲ್ ಎಂಬ ವೈದ್ಯರು 1916ರಲ್ಲಿ ಇಬ್ಬರು ಫ್ರೆಂಚ್ ಸೈನಿಕರಲ್ಲಿ ಇದನ್ನು ವರ್ಣಿಸಿದರು. ಹೆಸರಿನಲ್ಲಿ ಸ್ಟ್ರೋಲ್ ಮಾತ್ರ ಉಳಿಯಲಿಲ್ಲ!

ಚಿಕಿತ್ಸೆ: ಐದು ದಿನ ಇಮ್ಯುನೋಗ್ಲಾಬ್ಯುಲಿನ್, ಇಲ್ಲವೇ ಪ್ಲಾಸ್ಮಾ ಬದಲಾವಣೆ. ಸ್ಟೀರಾಯ್ಡ್ ಮಾತ್ರೆಯಿಂದ ಪ್ರಯೋಜನವಿಲ್ಲ. ಈ ಚಿಕಿತ್ಸೆಗೆ ಬೈಲಹೊಂಗಲ, ರಾಮದುರ್ಗದವರು ಬೆಳಗಾವಿಗೋ ಹುಬ್ಬಳ್ಳಿಗೋ ಹೊರಡಬೇಕು.

15 ವರ್ಷದೊಳಗಿನ ಮಕ್ಕಳ ಕಾಲು ದಿಢೀರನೆ ಸೋತರೆ, ಅದು ಜಿಬಿಎಸ್ ಎನಿಸಿದರೂ, ಪೋಲಿಯೊ ನಿಗಾ ವ್ಯವಸ್ಥೆಗೆ ತಿಳಿಸಿ, ಎರಡು ಮಲದ ಮಾದರಿ ಕಳಿಸುವುದು ನಿಯಮ.