ಕೋಸಗಿ ಸೀಮೆ: ನೆಲ, ನೀರು, ಇತಿಹಾಸ

ಆದವಾನಿಯಿಂದ ರಾಯಚೂರಿಗೆ ಹೋಗುವ ರೈಲುಹಾದಿಯ ಮೇಲಿರುವ ಕೋಸಗಿಯು ಕರ್ನೂಲು ಜಿಲ್ಲೆಯ ಪಶ್ಚಿಮದಂಚಿನ ಮಂಡಲ ಕೇಂದ್ರವಾಗಿದೆ. ಊರ ಬೆನ್ನಿಗೆ ಕಗ್ಗಲ್ಲಿನ ಗುಡ್ಡಗಳಿವೆ. ಉತ್ತರಕ್ಕೆ ತುಂಗಭದ್ರೆ ಹರಿಯುತ್ತಾಳೆ. ಆಚೆಯ ದಡ ರಾಯಚೂರು ಜಿಲ್ಲೆಗೆ ಸೇರಿದ್ದು. ರೈಲುಹಾದಿಯ ಸಮೀಪದ ಎರಡು ಹೆಬ್ಬಂಡೆಗಳನ್ನು ಜನರು ಅಕ್ಕತಂಗಿಯರೆಂದು ಕರೆಯುವುದನ್ನು ಬ್ರಿಟಿಷರ ಕಾಲದ ಗೆಝೆಟಿಯರುಗಳೂ ದಾಖಲಿಸಿವೆ. ನೆಲವು ಕೆಲವೆಡೆ ಎರೆ, ಕೆಲವೆಡೆ ಮಸಾರಿ. ಹತ್ತಿ, ಶೇಂಗಾ, ಜೋಳ, ಮೆಣಸಿನಕಾಯಿ ಇಲ್ಲಿನ ಮುಖ್ಯ ಬೆಳೆಗಳು. ಇವುಗಳಲ್ಲಿ ಶೇಂಗಾ, ಮೆಣಸಿನಕಾಯಿಗಳ ತವರು ದೂರದ ಅಮೆರಿಕಾ ಖಂಡಗಳೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬಹುದು.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆದವಾನಿಯ ಸುತ್ತಣ ನಾಡು ಸಿಂದವಾಡಿ ಸಾಸಿರವೆನಿಸಿತ್ತು. ಪೆದ್ದತುಂಬಳದ ಕನ್ನಡ ಶಾಸನಗಳು ಆ ಕಾಲದ ಸಾಕ್ಷಿಗಳು. ಮುಂದೆ ವಿಜಯನಗರ, ಬಿಜಾಪುರ, ಮೊಗಲ, ನಿಜಾಮ ಪ್ರಭುತ್ವಗಳು ಒಂದಾದ ಮೇಲೊಂದು ಬಂದವು. 1786ರಲ್ಲಿ ಟಿಪ್ಪು ಸುಲ್ತಾನನು ಆದವಾನಿ ಕೋಟೆಯನ್ನು ಹಿಡಿದನು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. 1807ರವರೆಗೆ ಪ್ರಧಾನ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರನ್ನು ಅಡಗಿಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಪಡಿಸುವ ಕ್ರಮಕ್ಕೆ ಬುನಾದಿ ಹಾಕಿದನು.

1871ರಲ್ಲಿ ಮದರಾಸಿನ ರೈಲುಹಾದಿ ರಾಯಚೂರನ್ನು ಮುಟ್ಟಿತು. ಹತ್ತಿಗೆ ದೂರದ ಪೇಟೆ ದೊರೆಯಿತು. ಹೊಟ್ಟೆಗೆ ಮಾತ್ರ ಮಳೆಯೇ ಗತಿಯಾಗಿ ಉಳಿಯಿತು. ಐದೇ ವರ್ಷಗಳಲ್ಲಿ ಬಂದ 1876-78ರ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಹಣ್ಣುಮಾಡಿತು. 1891ರ ಜನಗಣತಿಯಲ್ಲಿಯೂ ಕೋಸಗಿಯ ಜನಸಂಖ್ಯೆ 1871ರ ಮಟ್ಟಕ್ಕೆ ಮರಳಿರಲಿಲ್ಲ. ಈ ಒಂದು ಸಂಗತಿಯೇ ಕ್ಷಾಮದ ಘೋರತೆಯನ್ನು ಸಾರುತ್ತದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಮೊದಲೆರಡು ಕರ್ನೂಲು ಜಿಲ್ಲೆಯ ಪಾಲಾದವು. ಗಡಿಯು ನಕಾಶೆಯಲ್ಲಿ ಸರಿಯಿತು, ಮನೆಮಾತು ಸರಿಯಲಿಲ್ಲ. ಕನ್ನಡ ತೆಲುಗುಗಳೆರಡೂ ಇಂದಿಗೂ ಇಲ್ಲಿನ ಸಂತೆಯ ಭಾಷೆಗಳೇ. ಕೋಸಗಿಯು ಮಂಡಲವಾದುದು 1985ರ ಪುನರ್ವಿಂಗಡಣೆಯಿಂದ.

ನೀರಿನ ಕಥೆಯೂ ವಿಚಾರಾರ್ಹವಾದುದು. ಈ ಮಂಡಲಕ್ಕೆ ಎದುರಾಗಿ ರಾಜೋಳಿಬಂಡೆಯ ಅಣೆಕಟ್ಟಿದೆ. ಅದರ ಕಾಲುವೆ ಹರಿಯುವುದು ಎಡದಂಡೆಗೆ. ಹೊಸಪೇಟೆಯ ಜಲಾಶಯದಿಂದ ಬರುವ ತುಂಗಭದ್ರಾ ಕೆಳಮಟ್ಟದ ಕಾಲುವೆಯು ಈ ಸೀಮೆಯ ಹೊಲಗಳಿಗೆ ಆಸರೆಯಾಗಿದ್ದರೂ ಬಹುಭಾಗ ಇನ್ನೂ ಮಳೆಯಾಶ್ರಿತವೇ. ಹೀಗಾಗಿ ಬೆಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಂಟೂರು ಕಡೆಯ ಹತ್ತಿ, ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಮಕ್ಕಳೊಡನೆ ಹೊರಡುತ್ತವೆ. ಜನರು ಇದನ್ನು ಸುಗ್ಗಿಗೆ ಹೋಗುವುದೆನ್ನುತ್ತಾರೆ. ಹೆಸರು ಹಬ್ಬದ್ದು, ಪಾಡು ಬರದ್ದು.

ಸಾಕ್ಷರತೆಯಲ್ಲಿ ಈ ಮಂಡಲವು ರಾಜ್ಯದಲ್ಲಿಯೇ ತೀರ ಹಿಂದುಳಿದವುಗಳಲ್ಲಿ ಒಂದೆಂದು ಜನಗಣತಿಗಳು ತೋರಿಸಿವೆ. ಇದನ್ನು ಜನರ ಅನಾಸಕ್ತಿಯೆಂದು ಬಗೆಯುವುದು ತಪ್ಪು. ಹಾಜರಿ ಪುಸ್ತಕದಲ್ಲಿ ನಾವು ಬರೆಯುವ ಗೈರುಹಾಜರಿಯು ಈ ಸೀಮೆಯ ಮಳೆಯ ಲೆಕ್ಕವೂ ಹೌದು. ಭೂಗೋಳವನ್ನೂ ಚರಿತ್ರೆಯನ್ನೂ ಬೇರೆಬೇರೆ ಪಾಠಗಳೆಂದು ಕಲಿಸುವ ನಾವು, ಕೋಸಗಿಯಂತಹ ಊರುಗಳಲ್ಲಿ ಅವೆರಡೂ ಒಂದೇ ಪಾಠವೆಂಬುದನ್ನು ಮರೆಯಬಾರದು.